ರಾಯಚೂರಿನ ಬಿಸಿಲು, ಹೋಗಿ ಬರುವ ಕರೆಂಟು, ನಮ್ಮನೆ ಸ್ಲೋ ಕುಕ್ಕರ್

ಸ್ಲೋ ಕುಕ್ಕರ್ ಅಂದರೆ ಕರೆಂಟಿನ ಮಂದ ಶಾಖದಲ್ಲಿ ತಾಸುಗಟ್ಟಲೆ ನಿಧಾನವಾಗಿ ಬೇಯಿಸುವ ಪಾತ್ರೆ. ಪ್ರೆಶರ್ ಕುಕ್ಕರನ್ನು ಮೂಲೆಗೆ ಸರಿಸಿ ಆ ಜಾಗದಲ್ಲಿ ಇದನ್ನು ಇಡೋಣ ಅಂತಿದ್ದರೆ ಕೊಳ್ಳಲೇಬೇಡಿ. ದಿನದ ಅನ್ನ, ಬ್ಯಾಳಿಗೆ ಸೀಟಿ ಹೊಡೆಯುವ ಕುಕ್ಕರೇ ಸೈ. ಸೋನಾ ಮಸೂರಿ ಅಕ್ಕಿ ಇದರಲ್ಲಿ ಹಾಕಿದರೆ ಅಂಟಂಟಾಗಿ ಮುದ್ದೆ ಆಗುತ್ತದೆ. ಇದರ ಕೆಲಸವೇ ಬೇರೆ: ಕಾಲು ಸೂಪು, ಮಟನ್ ಸಾರು, ಗೋಧಿ ಹುಗ್ಗಿ, ನೆನೆಸಿದ ಕಡಲೆಕಾಳು. ಇವೆಲ್ಲ ಆಗಾಗ ಆಗುವ ಮನೆ ನಮ್ಮದು, ಹಾಗಾಗಿ ಎರಡು ಬೇಸಿಗೆ ದಾಟಿದರೂ ಕುಕ್ಕರ್ ಅಟ್ಟ ಸೇರಿಲ್ಲ.

ಆರಿಸುವಾಗ ಅಂಗಡಿಯವರು 6 ಲೀಟರಿನದನ್ನೇ ಮುಂದಿಟ್ಟರು. ನಾಲ್ಕು ಮಂದಿಗೆ 3.5 ಲೀಟರ್ ಸಾಕು. ಒಳಗಿನ ಪಿಂಗಾಣಿ ಪಾತ್ರೆ ಅರ್ಧಕ್ಕಿಂತ ಕಮ್ಮಿ ತುಂಬಿದರೆ ಅಂಚು ಸೀದುಹೋಗುತ್ತದೆ, ಮುಕ್ಕಾಲು ದಾಟಿದರೆ ನಡುವಿನದು ಬೇಯಲು ತಡ. ದುಂಡಗಿನದಕ್ಕಿಂತ ಮೊಟ್ಟೆಯಾಕಾರದ್ದು ಒಳ್ಳೆಯದು, ಮೇಕೆ ಕಾಲು ಅದರಲ್ಲಿ ಸಲೀಸಾಗಿ ಕೂರುತ್ತವೆ.

ನಾನು ಪಟ್ಟು ಹಿಡಿದದ್ದು ಒಂದೇ ವಿಷಯಕ್ಕೆ. ಡಿಜಿಟಲ್ ಬೇಡ, ಕೈಯಿಂದ ತಿರುಗಿಸುವ ಗುಂಡಿಯದು ಬೇಕು. ಶಕ್ತಿನಗರದಲ್ಲಿ ಕರೆಂಟು ಹುಟ್ಟುವ ಜಿಲ್ಲೆ ನಮ್ಮದು, ಆದರೂ ಮನೆಗೆ ಅದು ಬಂದು ಹೋಗುವ ನೆಂಟನೇ. ಗುಂಡಿಯದ್ದಾದರೆ ಕರೆಂಟು ಮರಳಿದ ಕೂಡಲೇ ತಾನೇ ಶುರುವಾಗುತ್ತದೆ. ಡಿಜಿಟಲ್ ಮಾಡೆಲ್ಲುಗಳಲ್ಲಿ ಎಷ್ಟೋ ಕಡೆ ಮತ್ತೆ ಬಟನ್ ಒತ್ತುವವರೆಗೆ ಸುಮ್ಮನೆ ಕೂತಿರುತ್ತವೆ. ಇನ್ವರ್ಟರ್ ಇರುವ ಮನೆಯಲ್ಲಿ ಇನ್ನೊಂದು ಫಜೀತಿ: ಫ್ಯಾನು ತಿರುಗುತ್ತಲೇ ಇರುತ್ತದೆ, ಅಡುಗೆಮನೆಯ ಪ್ಲಗ್ಗು ಮಾತ್ರ ಸತ್ತಿರುತ್ತದೆ. ಅದಕ್ಕೇ ಓಡಾಡುವಾಗೆಲ್ಲ ಕುಕ್ಕರಿನ ಕೆಂಪು ದೀಪದ ಕಡೆ ಕಣ್ಣು ಹಾಯಿಸುವುದು ರೂಢಿಯಾಗಿದೆ. ಸ್ವಲ್ಪ ಹೊತ್ತು ಕರೆಂಟು ಹೋದರೆ ಮುಚ್ಚಳ ತೆಗೆಯದೆ ಬಿಟ್ಟರಾಯಿತು, ಪಿಂಗಾಣಿ ಶಾಖ ಹಿಡಿದಿಡುತ್ತದೆ. ಬೇಗ ಬರುವ ಲಕ್ಷಣವಿಲ್ಲದಿದ್ದರೆ ಎರಡು ತಾಸು ಆಗುವ ಮೊದಲೇ ಒಲೆಗೆ ಸುರಿದು ಕುದಿಸಿ ಮುಗಿಸುತ್ತೇನೆ. ಹೊತ್ತು ಎಷ್ಟಾಯಿತೆಂದೇ ತಿಳಿಯದ, ತಣ್ಣಗಾಗಿ ಕೂತ ಮಾಂಸವನ್ನು ಮಾತ್ರ ಚೆಲ್ಲುವುದೇ. ರಾತ್ರಿಯಿಡೀ ಇಡುವ ಗೋಜಿಗೆ ಹೋಗದಿರುವುದೂ ಇದೇ ಕಾರಣಕ್ಕೆ.

ವೋಲ್ಟೇಜಿನ ಕಥೆ ಯಾವ ಪುಸ್ತಿಕೆಯಲ್ಲೂ ಇರುವುದಿಲ್ಲ. ನಮ್ಮದರ ತಳದಲ್ಲಿ 200 ವ್ಯಾಟ್ ಅಂತ ಬರೆದಿದೆ, ಅಂದರೆ ಗುಂಡಿಯನ್ನು ಹೈಗೆ ತಿರುಗಿಸಿ ಎಂಟು ತಾಸು ಇಟ್ಟರೂ 1.6 ಯೂನಿಟ್. ಬಿಲ್ಲಿನ ಭಯವಿಲ್ಲ. ಆದರೆ ಏಪ್ರಿಲ್ ಸಂಜೆ ಎಲ್ಲರ ಮನೆ ಕೂಲರ್ ಓಡುವ ಹೊತ್ತಿಗೆ ವೋಲ್ಟೇಜು 230ರಿಂದ 180ಕ್ಕೆ ಇಳಿದರೆ ಅದೇ ಕುಕ್ಕರಿಗೆ ಸಿಗುವುದು ಸುಮಾರು 120 ವ್ಯಾಟ್ ಅಷ್ಟೇ. ಪುಸ್ತಿಕೆ ನಾಲ್ಕು ತಾಸು ಎಂದದ್ದು ಆರಾಗುತ್ತದೆ. ಬೆಳಿಗ್ಗೆಯೇ ಇಟ್ಟುಬಿಡಿ. ಲೋ, ಹೈ ಎರಡೂ ಕೊನೆಗೆ ಮುಟ್ಟುವ ಶಾಖ ಹೆಚ್ಚುಕಮ್ಮಿ ಒಂದೇ, ಕುದಿಯುವುದಕ್ಕಿಂತ ತುಸು ಕೆಳಗೆ. ಮುಟ್ಟಲು ಹಿಡಿಯುವ ಹೊತ್ತಷ್ಟೇ ಬೇರೆ. ವಾರ್ಮ್ ಇರುವುದು ಬೆಂದದ್ದನ್ನು ಬಿಸಿ ಇಡಲಿಕ್ಕೆ, ಬೇಯಿಸಲಿಕ್ಕಲ್ಲ.

ಕಾಲು ಸೂಪಿಗೆ ಮಾತ್ರ ಇದಕ್ಕೆ ಸಾಟಿಯಿಲ್ಲ. ಸುಟ್ಟು ತೊಳೆದ ಕಾಲು, ಹುರಿದ ಉಳ್ಳಾಗಡ್ಡಿ, ಶುಂಠಿ, ಮೆಣಸು, ಅರಿಶಿನ ಹಾಕಿ ಮುಳುಗುವಷ್ಟೇ ನೀರು ಹಾಕುತ್ತೇನೆ. ಆವಿ ಹೊರಗೆ ಹೋಗುವುದಿಲ್ಲವಾದ್ದರಿಂದ ಒಲೆಯ ಲೆಕ್ಕದಲ್ಲಿ ನೀರು ಹಾಕಿದರೆ ಸಾರು ನೀರುನೀರು. ಎಂಟು ತಾಸಿಗೆ ನರ, ಚರ್ಮ ಎಲ್ಲ ಕರಗಿ ತುಟಿಗೆ ಅಂಟುವ ಸೂಪು ತಯಾರು, ಉಳಿದದ್ದು ಫ್ರಿಜ್ಜಿನಲ್ಲಿ ಚಾಕುವಿನಿಂದ ಕತ್ತರಿಸುವಷ್ಟು ಗಟ್ಟಿಯಾಗುತ್ತದೆ. ಇಷ್ಟೂ ಹೊತ್ತು ಕುಕ್ಕರ್ ಹಿತ್ತಲ ಬಾಗಿಲ ಬಳಿ ಇರುತ್ತದೆ. ನಲವತ್ತು ಡಿಗ್ರಿ ದಾಟಿದ ದಿನ ಗ್ಯಾಸಿನ ಮುಂದೆ ನಿಲ್ಲುವ ಕೆಲಸ ತಪ್ಪಿತಲ್ಲ, ಕೊಟ್ಟ ದುಡ್ಡು ಅಲ್ಲಿಗೇ ಬಂತು.

ನಮ್ಮತ್ತೆಗೆ ಇನ್ನೂ ನಂಬಿಕೆ ಬಂದಿಲ್ಲ. “ಸೀಟಿ ಇಲ್ಲ, ಉಕ್ಕಂಗಿಲ್ಲ, ಬೆಂದೈತೋ ಇಲ್ಲೋ ಹೆಂಗ ಗೊತ್ತಾಗಬೇಕವಾ?” ಅಂತ ಮುಚ್ಚಳ ಎತ್ತಿ ನೋಡುತ್ತಾರೆ. ಒಂದು ಸಲ ಎತ್ತಿದರೆ ಇಪ್ಪತ್ತು-ಮೂವತ್ತು ನಿಮಿಷ ಹಿಂದೆ. ಹುಗ್ಗಿ ಮಾತ್ರ ಅವರಿಗೂ ಒಪ್ಪಿಗೆ: ಕುಟ್ಟಿದ ಗೋಧಿ ತಳ ಹಿಡಿಯದೆ ಮೆತ್ತಗೆ ಬೇಯುತ್ತದೆ, ಬೆಲ್ಲ ಕೊನೆಗೆ ಹಾಕಬೇಕು.

ಪುಂಡಿ ಪಲ್ಯಕ್ಕೆ ಬ್ಯಾಳಿ ಮೊದಲು ಬೇಯಲಿ, ಹುಳಿ ಇರುವ ಪುಂಡಿ ಸೊಪ್ಪು ಆಮೇಲೆ. ಹುಳಿ ಸೇರಿದ ಬ್ಯಾಳಿ ಎಷ್ಟು ಹೊತ್ತಿಟ್ಟರೂ ಕರಗುವುದಿಲ್ಲ. ಬೋರಿನ ಗಡಸು ನೀರಿನಲ್ಲೂ ಕಾಳು ಹಾಗೇ ಸತಾಯಿಸುತ್ತದೆ, ಕುಡಿಯುವ ನೀರನ್ನೇ ಹಾಕಿ. ರಾಜ್ಮಾ ವಿಷಯದಲ್ಲಿ ತಮಾಷೆ ಬೇಡ. ಅದರಲ್ಲಿರುವ ನಂಜು ಈ ಮಂದ ಶಾಖಕ್ಕೆ ಸಾಯುವುದಿಲ್ಲ, ಅರೆಬೆಂದರೆ ವಾಂತಿ, ಭೇದಿ ಖಾತ್ರಿ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಹತ್ತು ನಿಮಿಷವಾದರೂ ಒಲೆಯ ಮೇಲೆ ಕೊತಕೊತ ಕುದಿಸಿದ ಮೇಲೆಯೇ ಇದಕ್ಕೆ ಹಾಕಬೇಕು.

ತಕರಾರುಗಳೂ ಇವೆ. ಒಳಪಾತ್ರೆ ಬಲು ಭಾರ, ಸೊಂಟನೋವಿನವರು ಎತ್ತಿ ತೊಳೆಯುವುದು ಕಷ್ಟ. ಬಿಸಿ ಇರುವಾಗ ನಲ್ಲಿ ಕೆಳಗೆ ಹಿಡಿದರೆ ಬಿರುಕು ಬಿಡುತ್ತದೆ. ಬಿಳಿ ಕಲೆಗೆ ನಿಂಬೆಹೋಳು ತಿಕ್ಕಿದರೆ ಸಾಕು. ಮುಚ್ಚಳದ ಹಿಡಿ ವರ್ಷದೊಳಗೆ ಸಡಿಲಾಯಿತು. ಸರ್ವಿಸ್ ಕೇಂದ್ರ ಊರಲ್ಲಿಲ್ಲ, ಫೋನಿನಲ್ಲಿ ಕೇಳಿದರೆ ಮುಚ್ಚಳ ಬಿಡಿಯಾಗಿ ಬರುವುದಿಲ್ಲವೆಂದರು. ಕೊನೆಗೆ ಪಾತ್ರೆ ಅಂಗಡಿಯಲ್ಲಿ ಹತ್ತು ರೂಪಾಯಿಯ ತಿರುಪು ಹಾಕಿಸಿದ್ದು ಇನ್ನೂ ಗಟ್ಟಿಯಾಗಿದೆ. ನೀವು ಕೊಳ್ಳುವ ಮುಂಚೆ ಒಳಪಾತ್ರೆ, ಮುಚ್ಚಳ ಬೇರೆಬೇರೆಯಾಗಿ ಸಿಗುತ್ತವೆಯೇ ಅಂತ ಅಂಗಡಿಯಲ್ಲೇ ಕೇಳಿಬಿಡಿ.