ಒಂದು ಹೋಳು ಅನಾನಸಿಗೆ ನೂರು ರಿಯಲ್: ಕೋಪಕಬಾನಾಕ್ಕೆ ಹೋಗುವವರು ದಯವಿಟ್ಟು ಓದಿ

ರಿಯೊ ಡಿ ಜನೈರೊಗೆ ಹೊರಟಿರುವವರು, ಅದರಲ್ಲೂ ಮನೆಯ ಹಿರಿಯರನ್ನು ಕರೆದುಕೊಂಡು ಹೊರಟಿರುವವರು, ಇದನ್ನು ಪೂರ್ತಿ ಓದಿ. ಕಳೆದ ಶುಕ್ರವಾರ ರಾತ್ರಿ ಕೋಪಕಬಾನಾದ ಕಡಲತೀರಕ್ಕೆ ಹತ್ತಿರದ ಒಂದು ಹೋಟೆಲಿನಲ್ಲಿ ನನಗೂ ಅಮ್ಮನಿಗೂ ಆದದ್ದು ಇನ್ನೊಬ್ಬರಿಗೆ ಆಗಬಾರದು. ಹೋದ ಹಣ ಹೋಯಿತು. ಬಿಲ್ಲು ನೋಡಿದಾಗಿನ ಅಮ್ಮನ ಮುಖ ಮಾತ್ರ ಕಣ್ಣೆದುರಿನಿಂದ ಹೋಗುತ್ತಿಲ್ಲ.

ನಾನು ಕಚೇರಿಯ ಕೆಲಸದ ಮೇಲೆ ಮೂರು ತಿಂಗಳಿಂದ ಇಲ್ಲಿದ್ದೇನೆ. ಕೊರ್ಕೊವಾಡೊ ಬೆಟ್ಟದ ಮೇಲಿನ ಏಸುವಿನ ಪ್ರತಿಮೆಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅಮ್ಮನ ಬಹುಕಾಲದ ಆಸೆ. ಹಾಗಾಗಿ ಮಂಗಳೂರಿನಿಂದ ಅವರನ್ನು ಕರೆಸಿಕೊಂಡೆ. ಶುಕ್ರವಾರ ಪ್ರತಿಮೆ ನೋಡಿಕೊಂಡು ಇಳಿದು, ಸಂಜೆ ಕಡಲ ದಂಡೆಯ ಅಲೆಅಲೆಯ ಕಪ್ಪುಬಿಳಿ ಕಲ್ಲಿನ ಹಾದಿಯಲ್ಲಿ ನಡೆದು ಬರುವಾಗ ಒಬ್ಬ ಹುಡುಗ ಕೈಗೆ ಚೀಟಿ ಕೊಟ್ಟ. ಅದರಲ್ಲಿ ದೊಡ್ಡ ಅಕ್ಷರದಲ್ಲಿ 'ರೋಡಿಜಿಯೊ, 119' ಎಂದಿತ್ತು. ರೋಡಿಜಿಯೊ ಎಂದರೆ ಸುಟ್ಟ ಮಾಂಸವನ್ನು ಮೇಜಿಗೇ ತಂದು ಬಡಿಸುತ್ತಲೇ ಇರುವ, ಒಂದೇ ದರದ ಊಟ. ಒಬ್ಬರಿಗೆ 119 ರಿಯಲ್ (ರಿಯಲ್ ಬ್ರೆಜಿಲ್‌ನ ಹಣ), ಬೇಕಾದಷ್ಟು ಮಾಂಸ. ಈ ಊರಿನ ಲೆಕ್ಕಕ್ಕೆ ಅದು ನಂಬಲಾರದ ಬೆಲೆಯೇನೂ ಅಲ್ಲ. ಆದ್ದರಿಂದಲೇ ನಂಬಿದೆ.

ಅಮ್ಮ ಶುಕ್ರವಾರ ಮಾಂಸ ಮುಟ್ಟುವುದಿಲ್ಲ. ಚಿಕ್ಕಂದಿನಿಂದಲೂ ಅವರ ವ್ರತ ಅದು. ಬಾಗಿಲಲ್ಲೇ ನಿಂತು ಇದನ್ನು ಹೇಳಿದೆ, ಮೊಬೈಲಿನಲ್ಲಿ ಪೋರ್ಚುಗೀಸಿಗೆ ಅನುವಾದಿಸಿ ತೋರಿಸಿಯೂ ಹೇಳಿದೆ. ಬಾಗಿಲಲ್ಲಿದ್ದವನು ನಗುತ್ತಾ, "ಅಮ್ಮನವರಿಗೆ ಸಲಾಡ್ ಮೇಜು ಮಾತ್ರ, 69" ಎಂದ. ಎರಡು ಬೆರಳು ಎತ್ತಿ, ಒಂದನ್ನು ಮಡಿಸಿ ತೋರಿಸಿದ: ಒಬ್ಬರಿಗೆ ಮಾಂಸ, ಒಬ್ಬರಿಗೆ ಇಲ್ಲ. ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು, ಯಾರೂ ಕೇಳಲಾರರು.

ಊಟ ಚೆನ್ನಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೇಜಿನ ಮೇಲೆ ಒಂದು ಬಿಲ್ಲೆ ಇರುತ್ತದೆ, ಹಸಿರು ಮುಖ ಮೇಲಿದ್ದರೆ ತರುತ್ತಲೇ ಇರುತ್ತಾರೆ, ಕೆಂಪು ಮುಖ ಮಾಡಿದರೆ ನಿಲ್ಲಿಸುತ್ತಾರೆ. ಉದ್ದನೆಯ ಕಂಬಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಮಾಂಸವನ್ನು ಹೆಗಲೆತ್ತರಕ್ಕೆ ಹಿಡಿದು ಬರುತ್ತಾರೆ. ತುದಿಯನ್ನು ತಟ್ಟೆಯ ಪಕ್ಕದ ಪುಟ್ಟ ಬಟ್ಟಲಿಗೆ ಊರಿ, ಚೂಪು ಚಾಕುವಿನಿಂದ ಮೇಲಿನಿಂದ ಕೆಳಕ್ಕೆ ತೆಳ್ಳಗೆ ಸೀಳುತ್ತಾರೆ, ನಾವು ಇಕ್ಕಳದಲ್ಲಿ ಹಿಡಿದುಕೊಳ್ಳಬೇಕು. ಅಂಚಿಗೆ ಬೆರಳು ದಪ್ಪದ ಕೊಬ್ಬು ಬಿಟ್ಟು, ಬರೀ ಕಲ್ಲುಪ್ಪು ಹಾಕಿ ಸುಟ್ಟ ಪಿಕಾನ್ಯಾ ಎಂಬ ದನದ ಮಾಂಸ ಬಂತು. ಕೋಳಿಯ ಗುಂಡಿಗೆಗಳ ಸರ ಬಂತು. ಕುಪಿಂ ಬಂತು, ಎಂದರೆ ಡುಬ್ಬದ ಮಾಂಸ. ಬ್ರೆಜಿಲ್‌ನ ಬಯಲುಗಳ ತುಂಬ ಇರುವ ಡುಬ್ಬದ ನೆಲೋರೆ ದನಗಳು ಮೂಲತಃ ನಮ್ಮ ಆಂಧ್ರದ ಒಂಗೋಲು ತಳಿಯವು, ನೆಲ್ಲೂರಿನ ಹೆಸರನ್ನೇ ಇಂದಿಗೂ ಹೊತ್ತಿವೆ. ಅಮ್ಮನಿಗೆ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯವೋ ಆಶ್ಚರ್ಯ. ಅವರು ತಮ್ಮ ಪಾಡಿಗೆ ತಾಳೆಯ ತಿರುಳು, ಬೀಟ್‌ರೂಟ್, ಅನ್ನ, ಕಪ್ಪು ಬೀನ್ಸ್ ಕಾಳು, ಬಿಸಿಬಿಸಿ ಚೀಸ್ ಉಂಡೆ ತಿನ್ನುತ್ತಾ ಖುಷಿಯಾಗಿದ್ದರು.

ಆಮೇಲೆ ಅನಾನಸು ಬಂತು. ಇಡೀ ಹಣ್ಣಿಗೆ ದಾಲ್ಚಿನ್ನಿ ಪುಡಿ, ಸಕ್ಕರೆ ಸವರಿ ಅದೇ ಕಂಬಿಯಲ್ಲಿ ಸುಡುತ್ತಾರೆ. ತಂದವನು ನನಗೆ ಕೊಡಲಿಲ್ಲ. ನೇರವಾಗಿ ಅಮ್ಮನ ಬಳಿ ಹೋಗಿ ಬಾಗಿ, "ಅಬಕಾಶಿ, ಅಮ್ಮನವರಿಗೆ" ಎಂದು ಒಂದು ಹೋಳು ಸೀಳಿ ತಟ್ಟೆಗೆ ಹಾಕಿಯೇಬಿಟ್ಟ. ಅಮ್ಮ ನನ್ನ ಮುಖ ನೋಡಿದರು. ಹಣ್ಣು ತಾನೇ, ತಿನ್ನಿ ಎಂದೆ. ತಿನ್ನಿ ಎಂದವನು ನಾನೇ.

ಬಿಲ್ಲು ಬಂತು. 'ರೋಡಿಜಿಯೊ, 2'. ಒಂದಕ್ಕೆ 169 ರಿಯಲ್. 119 ಅಲ್ಲ, 69 ಅಲ್ಲ, ಇಬ್ಬರಿಗೂ 169. ನಾನು ಚೀಟಿ ತೆಗೆದು ತೋರಿಸಿದೆ. ಮೇಲ್ವಿಚಾರಕ ಅದರ ತುದಿಯಲ್ಲಿ ಇರುವೆ ಸಾಲಿನಂತಿದ್ದ ಒಂದು ಸಾಲಿನ ಮೇಲೆ ಉಗುರಿಟ್ಟ. ಆ ಬೆಲೆ ಸೋಮವಾರದಿಂದ ಗುರುವಾರದವರೆಗೆ, ಅದೂ ಮಧ್ಯಾಹ್ನದ ಊಟಕ್ಕೆ. ಹಾಗಾದರೆ ಶುಕ್ರವಾರ ರಾತ್ರಿ ಆ ಚೀಟಿಯನ್ನು ದಾರಿಹೋಕರ ಕೈಗೆ ತುರುಕಿದ್ದು ಯಾಕೆ ಎಂದು ಕೇಳಿದೆ. ಭುಜ ಕುಣಿಸಿದ. ಆಗಲಿ, ಅದು ನನ್ನ ತಪ್ಪು, ಓದಬೇಕಿತ್ತು. ಅಮ್ಮನ 69 ಎಲ್ಲಿ ಎಂದೆ.

ಅವನು ಅಮ್ಮನ ತಟ್ಟೆಯನ್ನು ತೋರಿಸಿದ. ಅನಾನಸಿನ ದಿಂಡು ತಟ್ಟೆಯ ಅಂಚಿನಲ್ಲಿತ್ತು. ಮೊಬೈಲಿನಲ್ಲಿ ಅನುವಾದಿಸಿ ನನ್ನ ಮುಂದೆ ಹಿಡಿದ: "ಕಂಬಿಯಲ್ಲಿ ಬಂದದ್ದು ರೋಡಿಜಿಯೊ."

ಹಣ್ಣು ಮಾಂಸವೇ ಎಂದು ಕೇಳಿದೆ. "ಕಂಬಿಯಲ್ಲಿ ಬಂದದ್ದು ರೋಡಿಜಿಯೊ." ನಾವು ಕೇಳಿರಲಿಲ್ಲ, ನಿಮ್ಮವನೇ ಹಾಕಿದ ಎಂದೆ. "ತಿಂದಿದ್ದಾರೆ." ಬಾಗಿಲಲ್ಲಿ 69 ಎಂದವನನ್ನು ಕರೆಯಿರಿ ಎಂದೆ. "ಅವನ ಪಾಳಿ ಮುಗಿದಿದೆ." ಅವನು ಬಾಗಿಲಲ್ಲೇ ನಿಂತಿದ್ದ! ಗಾಜಿನಾಚೆ ನನಗೆ ಅವನ ಬೆನ್ನು ಕಾಣುತ್ತಿತ್ತು. ಕೈತೋರಿಸಿದೆ. "ಅವನು ಬೇರೆಯವನು." ಅಕ್ಕಪಕ್ಕದ ಮೇಜಿನವರು ತಿನ್ನುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಅಮ್ಮ ನನ್ನ ತೋಳು ಹಿಡಿದು, "ಬಾಬಾ, ನಾನು ಅದನ್ನು ತಿನ್ನಬಾರದಿತ್ತು" ಎಂದರು. ಒಂದು ಹೋಳು ಹಣ್ಣು ತಿಂದದ್ದಕ್ಕೆ ಅರವತ್ತೆಂಟು ವರ್ಷದ ನನ್ನ ತಾಯಿ ಕ್ಷಮೆ ಕೇಳುವಂತೆ ಮಾಡಿದರು ಇವರು. ಇದನ್ನು ನಾನು ಮರೆಯುವುದಿಲ್ಲ.

ಉಳಿದ ಸಾಲುಗಳನ್ನೂ ಹೇಳಿಬಿಡುತ್ತೇನೆ. ಕೂತ ಕೂಡಲೇ ಸ್ವಾಗತದಂತೆ ತಂದಿಟ್ಟ ಕೈಪಿರಿನ್ಯಾ ಎಂಬ ನಿಂಬೆ ಬೆರೆಸಿದ ಮದ್ಯ, ಎರಡಕ್ಕೆ 84. ಅಮ್ಮ ಮುಟ್ಟಿರಲೂ ಇಲ್ಲ. ಕೇಳದೆ ಇಟ್ಟ ಬ್ರೆಡ್ಡು ಬೆಣ್ಣೆಗೆ 'ಕುವೇರ್' ಎಂದು 36. ನೀರು 28. ತಳ್ಳುಗಾಡಿಯಲ್ಲಿ ಮೇಜಿನ ಪಕ್ಕಕ್ಕೇ ತಂದು, ಬೆಲೆ ಹೇಳದೆ ತಟ್ಟೆಗಿಟ್ಟ ಸಿಹಿ, ಎರಡಕ್ಕೆ 90. ಪಾನೀಯ ಮತ್ತು ಸಿಹಿ ರೋಡಿಜಿಯೊ ದರದಲ್ಲಿ ಸೇರುವುದಿಲ್ಲ ಎಂಬುದು ಇಲ್ಲಿನ ಸಾಮಾನ್ಯ ಪದ್ಧತಿ, ಅದು ನನಗೆ ಗೊತ್ತಿತ್ತು. ಕೇಳದೆ ತಂದಿಟ್ಟದ್ದಕ್ಕೂ ಹಾಕುತ್ತಾರೆಂದು ಗೊತ್ತಿರಲಿಲ್ಲ. ಎಲ್ಲ ಸೇರಿ 576, ಅದರ ಮೇಲೆ ಸೇವೆಗೆ ಶೇಕಡಾ 10, ಒಟ್ಟು 633.60. ನಮ್ಮ ದುಡ್ಡಿನಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ರೂಪಾಯಿ.

ಶೇಕಡಾ 10 ಕೊಡುವುದಿಲ್ಲ ಎಂದೆ. ಅವನು, "ನಿಮಗೆ ಬಡಿಸಿದ ಹುಡುಗರ ಮನೆಯಲ್ಲೂ ಮಕ್ಕಳಿದ್ದಾರೆ" ಎಂದು ಅಮ್ಮನ ಕಡೆ ತಿರುಗಿ ಮೊಬೈಲ್ ತೋರಿಸಿದ. ನನಗಲ್ಲ, ಅಮ್ಮನಿಗೆ. ಯಾರನ್ನು ಮೆತ್ತಗೆ ಮಾಡಬಹುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಮ್ಮ, "ಕೊಟ್ಟುಬಿಡು, ಹೋಗೋಣ" ಎಂದರು.

ಕೊಡುವಾಗಲೂ ಬಿಡಲಿಲ್ಲ. ಕಾರ್ಡ್ ಯಂತ್ರ ತಂದವನು ಪರದೆಯ ಅರ್ಧಕ್ಕೆ ಹೆಬ್ಬೆರಳಿಟ್ಟು, ಪಿನ್ ಒತ್ತಿ ಎಂದು ಚಾಚಿದ. ಬೆರಳು ತೆಗೆಯಲು ಹೇಳಿದೆ. ಪರದೆಯಲ್ಲಿ 683.60 ಎಂದಿತ್ತು. ಐವತ್ತು ಹೆಚ್ಚು. "ಡೆಸ್ಕುಲ್ಪಾ", ಕ್ಷಮಿಸಿ, ಎಂದ, ರದ್ದು ಮಾಡಿ ಮತ್ತೆ ಒತ್ತಿದ, ಅಷ್ಟೇ. ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ.

ಸೋಮವಾರ ಕಚೇರಿಯಲ್ಲಿ ಇಲ್ಲಿಯವಳೇ ಆದ ಸಹೋದ್ಯೋಗಿಗೆ ಬಿಲ್ಲು ತೋರಿಸಿದೆ. ಅವಳಿಗೆ ನನಗಿಂತ ಹೆಚ್ಚು ಸಿಟ್ಟು ಬಂತು. ಇಲ್ಲಿನ 1990ರ ಗ್ರಾಹಕ ರಕ್ಷಣಾ ಸಂಹಿತೆಯ ಪ್ರಕಾರ, ಕೇಳದೆ ತಂದುಕೊಟ್ಟ ವಸ್ತು ಉಚಿತ ಮಾದರಿಗೆ ಸಮ. ಅದಕ್ಕೆ ಹಣ ಕೇಳುವಂತಿಲ್ಲ. ಎಂದರೆ ಆ ಬ್ರೆಡ್ಡು, ಆ ಕೈಪಿರಿನ್ಯಾ, ಆ ಅನಾನಸು! ಸೇವೆಯ ಶೇಕಡಾ 10 ಕೂಡ ಗಿರಾಕಿಯ ಇಚ್ಛೆಗೆ ಬಿಟ್ಟದ್ದು, ಬೇಡವೆಂದರೆ ತೆಗೆಯಲೇಬೇಕು. ಇದೆಲ್ಲ ಆ ಮೇಲ್ವಿಚಾರಕನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ನಮಗೆ ಗೊತ್ತಿಲ್ಲ ಎಂಬುದೂ ಗೊತ್ತಿತ್ತು. ಅವಳ ನೆರವಿನಿಂದ ಪ್ರೊಕಾನ್ ಎಂಬ ಗ್ರಾಹಕ ದೂರು ಕಚೇರಿಗೆ ಬರೆದು ಹಾಕಿದ್ದೇನೆ. ಈವರೆಗೆ ಉತ್ತರ ಬಂದಿಲ್ಲ. ಪ್ರವಾಸಿಗರಿಗೆಂದೇ ಲೆಬ್ಲಾನ್ ಬಡಾವಣೆಯಲ್ಲಿ ಪ್ರತ್ಯೇಕ ಪೊಲೀಸ್ ಠಾಣೆಯೂ ಇದೆಯಂತೆ. ಆ ರಾತ್ರಿಯೇ ಗೊತ್ತಿದ್ದರೆ ಅಲ್ಲಿಗೇ ಹೋಗುತ್ತಿದ್ದೆ.

ನೀವು ಹೋಗುವುದಾದರೆ ಬೀದಿಯಲ್ಲಿ ಕೊಡುವ ಚೀಟಿಯನ್ನು ಮುಟ್ಟಬೇಡಿ. ಬಾಗಿಲಲ್ಲಿ ಹೇಳುವ ಬೆಲೆಯನ್ನು ಒಳಗೆ ಕೂರುವ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ, ಬರೆಯುವುದಿಲ್ಲ ಎಂದರೆ ಹಿಂದಿರುಗಿ. ಕೇಳದೆ ಇಟ್ಟದ್ದನ್ನು ಆ ಕ್ಷಣವೇ ವಾಪಸು ಕಳುಹಿಸಿ, ನಗುತ್ತಾ ಕೊಟ್ಟರಂತೂ ಖಂಡಿತ ಕಳುಹಿಸಿ. ಮಾಂಸ ತಿನ್ನದವರು ಜೊತೆಗಿದ್ದರೆ ಅವರ ತಟ್ಟೆಯ ಹತ್ತಿರಕ್ಕೆ ಯಾವ ಕಂಬಿಯೂ ಬರದಂತೆ ನೋಡಿಕೊಳ್ಳಿ. ಪರದೆ ಪೂರ್ತಿ ಕಾಣದೆ ಪಿನ್ ಒತ್ತಬೇಡಿ.

ಬುಧವಾರ ಆ ಸಹೋದ್ಯೋಗಿ ನಮ್ಮಿಬ್ಬರನ್ನೂ ತನ್ನ ಮನೆಯವರು ಹೋಗುವ ಇನ್ನೊಂದು ಶುರಾಸ್ಕರಿಯಾಕ್ಕೆ, ಎಂದರೆ ಇಂಥದೇ ಸುಟ್ಟ ಮಾಂಸದ ಹೋಟೆಲಿಗೆ, ಕರೆದೊಯ್ದಳು. ಕಡಲಿನಿಂದ ದೂರ, ಚೀಟಿ ಹಂಚುವವರಿಲ್ಲದ ಜಾಗ. ಬೆಲೆ ಬಾಗಿಲಲ್ಲೇ ಹಲಗೆಯ ಮೇಲಿತ್ತು, ಬಿಲ್ಲಿನಲ್ಲೂ ಅದೇ ಇತ್ತು. ವ್ರತದ ದಿನವಲ್ಲದ್ದರಿಂದ ಅಮ್ಮ ಪಿಕಾನ್ಯಾ ತಿಂದರು, ಚೆನ್ನಾಗಿದೆ ಎಂದರು. ಕೊನೆಗೆ ಅನಾನಸಿನ ಕಂಬಿ ಬಂದಾಗ ಮಾತ್ರ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, ಬೇಡ ಎಂದು ತಲೆಯಾಡಿಸಿದರು.