ಜುಲೈನಲ್ಲಿ ಹಳೇ ಬೋಟಿಗೆ ಮುಂಗಡ ಕೊಡಬೇಡಿ

ಮೇ ಕೊನೆ ಬಂತು ಅಂದರೆ ಮಲ್ಪೆ, ಗಂಗೊಳ್ಳಿ, ಮಂಗಳೂರು ಧಕ್ಕೆ (ಮೀನುಗಾರಿಕೆ ಬಂದರು) ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ "ಬೋಟು ಮಾರಾಟಕ್ಕಿದೆ" ಅನ್ನುವ ಫೋಟೊ ಶುರುವಾಗುತ್ತದೆ. ಜೂನ್, ಜುಲೈನಲ್ಲಿ ಇನ್ನೂ ಜಾಸ್ತಿ. ರೇಟೂ ಇಳಿದಿರುತ್ತದೆ. ಮೊದಲ ಸಲ ಬೋಟು ಕೊಳ್ಳುವವರಿಗೆ, ಗಲ್ಫಿನಲ್ಲಿ ದುಡಿದ ದುಡ್ಡು ತಂದು ಊರಲ್ಲೇ ಏನಾದರೂ ಮಾಡೋಣ ಅಂತ ಬಂದವರಿಗೆ ಇದೇ ಸರಿಯಾದ ಸಮಯ ಅನ್ನಿಸುತ್ತದೆ. ದಯವಿಟ್ಟು ಸ್ವಲ್ಪ ತಡೆಯಿರಿ. ಭಾವನೂ ನಾನೂ ಪಾಲಿನಲ್ಲಿ ಒಂದು ಹಳೇ ಟ್ರಾಲ್ ಬೋಟು (ಬಲೆ ಎಳೆಯುತ್ತಾ ಮೀನು ಹಿಡಿಯುವ ಬೋಟು) ತಗೊಂಡು ಏನಾಯಿತು ಅಂತ ಹೇಳುತ್ತೇನೆ, ಆಮೇಲೆ ನೀವೇ ನೋಡಿ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. 10 ಅಶ್ವಶಕ್ತಿಯೊಳಗಿನ ಮೋಟಾರು ಹಾಕಿದ ನಾಡದೋಣಿಗಳಿಗೆ ಮಾತ್ರ ಬಿಡುತ್ತಾರೆ. ಮೀನು ಮೊಟ್ಟೆ ಇಡುವ ಕಾಲ ಅದು, ಕಡಲೂ ಬಿರುಸಾಗಿರುತ್ತದೆ, ಹಾಗಾಗಿ ನಿಷೇಧ ಬೇಕೇ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕೊಳ್ಳುವವನ ಕಡೆಯಿಂದ ಒಮ್ಮೆ ಯೋಚನೆ ಮಾಡಿ. ಆ ಎರಡು ತಿಂಗಳು ಬೋಟು ಟರ್ಪಾಲ್ ಅಡಿ ಇರುತ್ತದೆ. ಕಲಾಸಿಗಳು, ಅಂದರೆ ಬೋಟಿನ ಕೆಲಸಗಾರರು, ಊರಿಗೆ ಹೋಗಿರುತ್ತಾರೆ. ಬಲೆ, ವೈರ್‌ಲೆಸ್, ಜಿಪಿಎಸ್ ಎಲ್ಲ ಬಿಚ್ಚಿ ಮನೆಯಲ್ಲಿ ಇಟ್ಟಿರುತ್ತಾರೆ. ಕಡಲಿಗೆ ಹೋಗಿ ಓಡಿಸಿ ನೋಡೋಣ ಅಂದರೆ ಕಾನೂನೇ ಬಿಡುವುದಿಲ್ಲ. ಅಂದರೆ ಲಕ್ಷಗಟ್ಟಲೆ ದುಡ್ಡಿನ ವಸ್ತುವನ್ನು ಒಂದು ಸಲವೂ ಓಡಿಸದೆ ಕೊಳ್ಳಬೇಕು.

ನಮಗೆ ತೋರಿಸಿದ ಬೋಟು ಮರದ್ದು, ಮೇಲೆ ಫೈಬರ್ ಹೊದಿಸಿದ್ದು. ಬೋಟು ರಿಪೇರಿ ಯಾರ್ಡಿನಲ್ಲಿ ಮೇಲೆ ಎಳೆದು ಇಟ್ಟಿದ್ದರು. ಹೊಸ ನೀಲಿ ಬಣ್ಣ, ಹೊಸ ಹೆಸರು, ಎಂಜಿನ್ ಕೋಣೆ ಕೂಡ ತೊಳೆದು ಬಣ್ಣ ಹೊಡೆದು ಫಳಫಳ ಅನ್ನುತ್ತಿತ್ತು. ಎಂಜಿನ್ ಸ್ಟಾರ್ಟ್ ಮಾಡಿ ಅಂದೆವು. ಬ್ರೋಕರ್ ಹೇಳಿದ್ದು, "ನೀರಿಲ್ಲದೆ ಜಾಸ್ತಿ ಓಡಿಸಿದ್ರೆ ಬಿಸಿಯಾಗಿ ಹಾಳಾಗ್ತದೆ ಮಾರಾಯ್ರೆ, ನಿಮ್ಮದೇ ಬೋಟು ಅಲ್ವಾ ನಾಳೆ". ಈ ಮಾತು ಸುಳ್ಳಲ್ಲ, ಅದೇ ತೊಂದರೆ. ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿ ನಿಲ್ಲಿಸಿದರು. ಶಬ್ದ ಚೆನ್ನಾಗಿಯೇ ಇತ್ತು. ಸ್ವಲ್ಪ ದುಡ್ಡು ಹಿಡಿದಿಟ್ಟುಕೊಂಡು ಆಗಸ್ಟಿನಲ್ಲಿ ಓಡಿಸಿ ನೋಡಿದ ಮೇಲೆ ಕೊಡುತ್ತೇವೆ ಅಂತ ಭಾವ ಕೇಳಿದ. ಮಾಲಕ ಒಪ್ಪಲಿಲ್ಲ. ಬೇರೆ ಪಾರ್ಟಿ ಪೂರ್ತಿ ದುಡ್ಡು ಹಿಡಿದುಕೊಂಡು ಕಾಯ್ತಾ ಇದ್ದಾರೆ, ನಿಮಗೆ ಬೇಡ ಅಂದರೆ ಇವತ್ತೇ ಹೇಳಿ ಅಂದ. ಬೋಟಿನ ಮೇಲೆ ಸಾಲ ಇಲ್ಲ ಅಂತ ನಾವು ಕೇಳುವ ಮೊದಲೇ ಹೇಳಿದ, ಕೇಳಿದ ಮೇಲೂ ಹೇಳಿದ.

ಆಗಸ್ಟಿನಲ್ಲಿ ಕಡಲಿಗೆ ಇಳಿಸಿದೆವು. ಬಂದರಿನೊಳಗೆ ಏನೂ ತೊಂದರೆ ಕಾಣಲಿಲ್ಲ. ಅಳಿವೆ ದಾಟಿ ಹೊರಗೆ ಹೋಗಿ ಬಲೆ ಬಿಟ್ಟು ಎಳೆಯಲು ಶುರು ಮಾಡಿದಾಗ ಎಂಜಿನ್ನಿಗೆ ಭಾರ ಬಿತ್ತು, ಕಪ್ಪು ಹೊಗೆ, ಬಿಸಿ ಏರುತ್ತಾ ಹೋಯಿತು, ಆ ಹೊತ್ತಿಗೇ ತಳದ ನೀರು ಹೊರಹಾಕುವ ಪಂಪು ನಿಲ್ಲದೆ ಓಡುತ್ತಿರುವುದು ಬೋಟು ಓಡಿಸುವ ತಾಂಡೇಲರ ಗಮನಕ್ಕೆ ಬಂತು. ಹಿಂಬದಿಯಿಂದ ನೀರು ಒಳಗೆ ಬರುತ್ತಿತ್ತು. ಬಲೆ ಎತ್ತಿ ನಿಧಾನಕ್ಕೆ ವಾಪಸ್ ಬಂದರು. ಆ ದಿನ ಗಾಳಿ ಜೋರಿದ್ದಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಮೈ ನಡುಗುತ್ತದೆ. ದುಡ್ಡು ಹೋದರೆ ಹೋಗಲಿ, ಬೋಟಿನಲ್ಲಿ ಇದ್ದದ್ದು ಬೇರೆಯವರ ಮನೆಯ ಮಕ್ಕಳು.

ಮತ್ತೆ ಯಾರ್ಡಿಗೆ ಎಳೆದು ಫೈಬರ್ ಕೆರೆದಾಗ ನಿಜ ಗೊತ್ತಾಯಿತು. ಪ್ರೊಪೆಲ್ಲರ್ ತಿರುಗಿಸುವ ಶಾಫ್ಟ್ ಹೊರಗೆ ಬರುವ ಜಾಗದ ಸುತ್ತ ಮರ ಪೂರಾ ಕೊಳೆತಿತ್ತು. ಉಗುರಿನಲ್ಲಿ ಒತ್ತಿದರೆ ಒಳಗೆ ಹೋಗುತ್ತಿತ್ತು. ಅದರ ಮೇಲೆ ಪುಟ್ಟಿ ತುಂಬಿಸಿ, ಫೈಬರ್ ತೇಪೆ ಹಾಕಿ, ಬಣ್ಣ ಬಳಿದಿದ್ದರು. ಯಾರ್ಡಿನ ಬಡಗಿ ನೋಡಿದ ಕೂಡಲೇ ಇದು ಈ ವರ್ಷದ ಕೊಳೆತ ಅಲ್ಲ, ತೇಪೆ ಮಾತ್ರ ಹೊಸದು ಅಂದರು. ಅಂದರೆ ಗೊತ್ತಿದ್ದೇ ಮುಚ್ಚಿದ್ದಾರೆ.

ಎಲ್ಲರೂ ಗಮನಿಸಬೇಕಾದ ಸಂಗತಿ ಇದು. ಜುಲೈನಲ್ಲಿ ಎಲ್ಲ ಬೋಟಿಗೂ ಬಣ್ಣ ಹೊಡೆಯುತ್ತಾರೆ. ಒಳ್ಳೆ ಬೋಟಿಗೂ ಹೊಡೆಯುತ್ತಾರೆ, ಹಾಳಾದ ಬೋಟಿಗೂ ಹೊಡೆಯುತ್ತಾರೆ. ಹಾಗಾಗಿ ಹೊಸ ಬಣ್ಣ ಕಂಡರೆ ಯಾರಿಗೂ ಅನುಮಾನ ಬರುವುದಿಲ್ಲ. ಮಳೆಯಲ್ಲಿ ಎಲ್ಲವೂ ಒದ್ದೆ ಇರುವುದರಿಂದ ಮರದ ಒಳಗಿನ ತೇವ ಯಾವುದು, ಹೊರಗಿನ ಮಳೆ ನೀರು ಯಾವುದು ಅಂತ ಹೇಳುವುದೂ ಕಷ್ಟ. ಅದೇ ಬೋಟನ್ನು ಮೇ ತಿಂಗಳಲ್ಲಿ ನೋಡಿ. ಇಡೀ ಸೀಸನ್ನಿನ ಹಳೇ ಬಣ್ಣ, ಎಲ್ಲಿ ಬಿರುಕು, ಎಲ್ಲಿ ತುಕ್ಕಿನ ಕಲೆ ಇಳಿದಿದೆ, ಎಲ್ಲಿ ಫೈಬರ್ ಉಬ್ಬಿದೆ, ಎಲ್ಲ ಕಣ್ಣಿಗೆ ಕಾಣುತ್ತದೆ. ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿಯುತ್ತಾ ಹೋದರೆ ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ, ಫೈಬರ್ ಮರದಿಂದ ಬಿಟ್ಟುಕೊಂಡ ಕಡೆ ಟೊಳ್ಳು ಶಬ್ದ ಬರುತ್ತದೆ.

ರಿಪೇರಿಯೂ ಸುಲಭ ಇರಲಿಲ್ಲ. ಒದ್ದೆ ಮರದ ಮೇಲೆ ಫೈಬರಿನ ರೆಸಿನ್ (ಅಂಟು) ಸರಿಯಾಗಿ ಹಿಡಿಯುವುದಿಲ್ಲ. ಮರ ಒಣಗಬೇಕು, ಆಗಸ್ಟಿನಲ್ಲಿ ಬಿಸಿಲೆಲ್ಲಿ ಬರಬೇಕು? ಟರ್ಪಾಲ್ ಕಟ್ಟಿ, ಕಾದು, ಹಲಗೆ ಬದಲಿಸಿ, ಗೇರ್‌ಬಾಕ್ಸ್ ಬಿಚ್ಚಿಸಿ, ಸೀಸನ್ನಿನ ಮೊದಲ ಭಾಗ ಪೂರಾ ಹೋಯಿತು. ಈ ಕಸುಬು ಗೊತ್ತಿದ್ದವರಿಗೆ ಅದರ ಅರ್ಥ ಗೊತ್ತು. ನಿಷೇಧ ಮುಗಿದ ಮೇಲಿನ ಮೊದಲ ಎರಡು ತಿಂಗಳ ಮೀನೇ ವರ್ಷದ ಲೆಕ್ಕ ನಿಲ್ಲಿಸುವುದು. ಮುಂಗಡ ತಗೊಂಡಿದ್ದ ಕಲಾಸಿಗಳಲ್ಲಿ ಕೆಲವರು ಬೇರೆ ಬೋಟು ಹತ್ತಿದರು. ಅವರನ್ನು ನಾನು ಬಯ್ಯುವುದಿಲ್ಲ, ಅವರಿಗೂ ಮನೆ ಇದೆ. ಸಾಲದ ಕಂತು ಮಾತ್ರ ಯಾರಿಗೂ ಕಾಯಲಿಲ್ಲ.

ಇನ್ನು ಕಾಗದ ಪತ್ರದ ಕಥೆ. ಬೋಟಿನ ಮೇಲೆ ಬ್ಯಾಂಕಿನ ಸಾಲ ಇನ್ನೂ ಇತ್ತು. ಅದು ತೀರಿ, ಬಾಕಿ ಇಲ್ಲ ಅನ್ನುವ ಬ್ಯಾಂಕಿನ ಎನ್‌ಒಸಿ ಬರುವವರೆಗೆ ನೋಂದಣಿ ನಮ್ಮ ಹೆಸರಿಗೆ ಆಗಲಿಲ್ಲ. ಎಂಜಿನ್ ಯಾವಾಗಲೋ ಬದಲಾಗಿತ್ತು, ನೋಂದಣಿ ಪತ್ರದಲ್ಲಿ ಇರುವ ನಂಬರ್ ಬೇರೆ, ಎಂಜಿನ್ ಮೇಲಿನ ನಂಬರ್ ಬೇರೆ. ಹೆಸರು ಬದಲಾಗದೆ, ಮೀನುಗಾರಿಕೆ ಬೋಟುಗಳಿಗೆ ಸರ್ಕಾರ ಕೊಡುವ ತೆರಿಗೆ ರಹಿತ ಡೀಸೆಲ್ ನಮಗೆ ಸಿಗಲಿಲ್ಲ, ಪೂರ್ತಿ ರೇಟು ಕೊಟ್ಟು ಹಾಕಿಸಬೇಕಾಯಿತು. ಟ್ರಾಲ್ ಬೋಟಿನ ಖರ್ಚಿನಲ್ಲಿ ದೊಡ್ಡ ಪಾಲು ಡೀಸೆಲ್ಲಿನದೇ ಆದ್ದರಿಂದ ಆ ಹೊಡೆತ ಸಣ್ಣದಲ್ಲ. ಮಾಲಕನಿಗೆ ಫೋನ್ ಮಾಡಿದರೆ ಬ್ರೋಕರನ್ನು ಕೇಳಿ ಅನ್ನುತ್ತಾನೆ. ಬ್ರೋಕರ್ ನಾನು ಮಧ್ಯದವನು ಅಷ್ಟೇ ಅನ್ನುತ್ತಾನೆ.

ಹಾಗಾದರೆ ಯಾವಾಗ ಕೊಳ್ಳಬೇಕು? ಏಪ್ರಿಲ್ ಕೊನೆಯಿಂದ ಮೇ ಇಪ್ಪತ್ತರೊಳಗೆ. ಆಗ ಮೀನು ಕಡಿಮೆ, ಡೀಸೆಲ್ ಖರ್ಚೂ ಹುಟ್ಟದೆ ಎಷ್ಟೋ ಬೋಟುಗಳು ದಡದಲ್ಲೇ ನಿಲ್ಲುತ್ತವೆ, ಮಾರುವವರಿಗೂ ಮಳೆಗಾಲದ ಮೊದಲು ಕೈ ತೊಳೆದುಕೊಳ್ಳುವ ಅವಸರ ಇರುತ್ತದೆ. ರೇಟು ಜೂನಿನಷ್ಟು ಇಳಿದಿರುವುದಿಲ್ಲ, ಒಪ್ಪುತ್ತೇನೆ. ಆದರೆ ಬೋಟು ನೀರಿನಲ್ಲೇ ಇರುತ್ತದೆ, ಅದನ್ನು ಓಡಿಸಿದ ತಾಂಡೇಲರು, ಕಲಾಸಿಗಳು ಬಂದರಿನಲ್ಲೇ ಇರುತ್ತಾರೆ. ಅವರ ಹತ್ತಿರ ಕೂತು ಚಾ ಕುಡಿದು ಮಾತಾಡಿ, ಪಂಪು ದಿನಕ್ಕೆ ಎಷ್ಟು ಸಲ ಓಡಿಸುತ್ತೀರಿ ಅಂತ ಕೇಳಿ. ಆಮೇಲೆ ನಿಮ್ಮ ನಂಬಿಕೆಯ ಮೆಕ್ಯಾನಿಕನ್ನು ಕರೆದುಕೊಂಡು ಕಡಲಿಗೆ ಹೋಗಿ. ಬಂದರಿನಲ್ಲಿ ಒಂದು ಸುತ್ತು ಹಾಕಿದರೆ ಸಾಲದು, ಬಲೆ ಬಿಟ್ಟು ಒಂದೆರಡು ಗಂಟೆ ಎಳೆಯಲೇಬೇಕು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ ಲೆಕ್ಕ. ಎಂಜಿನ್ ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ಒಳಗೆ ನೀರು ಹೋಗಿದೆ. ವಾಪಸ್ ಬಂದ ಮೇಲೆ ಬೋಟನ್ನು ಮೇಲೆ ಎಳೆಸಿ, ಬಣ್ಣ ಹೊಡೆಯುವ ಮೊದಲೇ ತಳ ನೋಡಿ. ಸ್ಟೀಲ್ ಬೋಟಾದರೆ ತಗಡಿನ ದಪ್ಪ ಅಳೆಯುವ ಮೀಟರ್ ಇರುವವರನ್ನು ಕರೆಸಿ, ಅದರ ಖರ್ಚಿಗೆ ಹಿಂದೆಮುಂದೆ ನೋಡಬೇಡಿ. ಸರಿ ಅನ್ನಿಸಿದರೆ ಜೂನ್, ಜುಲೈ ಪೂರಾ ರಿಪೇರಿಗೆ, ಕಾಗದಕ್ಕೆ ನಿಮ್ಮ ಕೈಯಲ್ಲಿ ಇರುತ್ತದೆ.

ನಾಡದೋಣಿಯ ಲೆಕ್ಕ ಬೇರೆ. ಅವರ ದುಡಿಮೆ ಹೆಚ್ಚಾಗಿ ಮಳೆಗಾಲದಲ್ಲೇ, ಹಾಗಾಗಿ ಅದು ಮುಗಿಯುತ್ತಾ ಬಂದಾಗ, ದೋಣಿಯೂ ಔಟ್‌ಬೋರ್ಡ್ ಎಂಜಿನ್ನೂ ಓಡುತ್ತಿರುವಾಗಲೇ ನೋಡಿ. ಎಂಜಿನ್ ಕೂರಿಸುವ ಹಿಂಬದಿ ಹಲಗೆಯನ್ನು ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ. ಅಲ್ಲಾಡಿದರೆ ಆ ದೋಣಿ ಬಿಟ್ಟುಬಿಡಿ.

ಈಗಾಗಲೇ ಮುಂಗಡ ಕೊಟ್ಟು ಕೂತಿರುವವರು ಇವತ್ತೇ ಎರಡು ಕೆಲಸ ಮಾಡಿ. ಬೋಟಿನ ನಂಬರ್ ಹಿಡಿದುಕೊಂಡು ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ, ಬೋಟು ನೋಂದಣಿಯ ರಿಯಲ್‌ಕ್ರಾಫ್ಟ್ ಪೋರ್ಟಲಿನಲ್ಲಿ ನೋಂದಣಿ ಯಾರ ಹೆಸರಲ್ಲಿದೆ, ಸಾಲ ಇದೆಯಾ, ಎಂಜಿನ್ ನಂಬರ್ ಏನು ಅಂತ ಕೇಳಿ. ಮಾಲಕನ ಸಹಕಾರಿ ಸಂಘದಲ್ಲೂ ಬಾಕಿ ವಿಚಾರಿಸಿ. ಆಮೇಲೆ ಉಳಿದ ದುಡ್ಡಿನಲ್ಲಿ ಮೂರನೇ ಒಂದು ಭಾಗವಾದರೂ ಆಗಸ್ಟಿನಲ್ಲಿ ಬಲೆ ಎಳೆದು ನೋಡಿದ ಮೇಲೆ, ಹೆಸರು ಬದಲಾದ ಮೇಲೆ ಕೊಡುವುದು ಅಂತ ಸ್ಟ್ಯಾಂಪ್ ಪೇಪರಿನಲ್ಲಿ ಬರೆಸಿ, ಬ್ರೋಕರ್ ಸಹಿಯನ್ನೂ ಹಾಕಿಸಿ. ಮಾಲಕ ಒಪ್ಪದಿದ್ದರೆ ಮುಂಗಡ ಹೋದರೂ ಪರವಾಗಿಲ್ಲ, ಎದ್ದು ಬನ್ನಿ.