ಸಿಮಿಲನ್ ಹಡಗೋ, ನೇತ್ರಾಣಿ ದೋಣಿಯೋ?

ಹಾಸನ, ಚಿಕ್ಕಮಗಳೂರಿನಿಂದ ಸ್ಕೂಬಾಗೆ ಹೊರಟವರಿಗೆ ಎರಡು ದಾರಿ: ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಅದೇ ದಿನ ದಡ ಸೇರುವುದು, ಇಲ್ಲವೇ ಥಾಯ್ಲೆಂಡಿನ ಖಾವೊ ಲಾಕ್‌ನಲ್ಲಿ ಹಡಗು ಹತ್ತಿ ನಾಲ್ಕು ದಿನ ಸಿಮಿಲನ್ ದ್ವೀಪಗಳ ಸುತ್ತ ಸಮುದ್ರದಲ್ಲೇ ಉಂಡು ಮಲಗುವುದು.

ನೇತ್ರಾಣಿಯಲ್ಲಿ ದಿನಕ್ಕೆ ಸಾಮಾನ್ಯವಾಗಿ ಒಂದೆರಡು ಡೈವ್. ಸರ್ಟಿಫಿಕೇಟ್ ಇಲ್ಲದವರೂ ತರಬೇತುದಾರರ ಜೊತೆ ಇಳಿಯಬಹುದು. ಹಡಗಿನಲ್ಲಿ ದಿನಕ್ಕೆ ಮೂರ್ನಾಲ್ಕು. ಆದರೆ ರಿಚೆಲಿಯು ರಾಕ್ ಎಂಬ ಸಮುದ್ರದ ಬಂಡೆಯಂಥ ಕಡೆ ಸೆಳೆತ ಜೋರು, ಓಪನ್ ವಾಟರ್ ಎಂಬ ಮೊದಲ ಹಂತದ ಸರ್ಟಿಫಿಕೇಟಿನ 18 ಮೀಟರ್ ಆಳದ ಮಿತಿ ಸಾಲದು; 30 ಮೀಟರ್‌ವರೆಗೆ ಇಳಿಯಲು ಬಿಡುವ ಮುಂದಿನ ಹಂತದ ಅಡ್ವಾನ್ಸ್ಡ್ ಕೋರ್ಸ್ ಮುಗಿಸಿಯೇ ಹೋಗಿ. ಅಗ್ಗದ ಹಡಗಿನ ಕೆಳಕ್ಯಾಬಿನ್‌ನಲ್ಲಿ ಎಂಜಿನ್ ಸದ್ದು ಖಂಡಿತ. ರಾಷ್ಟ್ರೀಯ ಉದ್ಯಾನ ಶುಲ್ಕ, ಸಲಕರಣೆ ಬಾಡಿಗೆ, ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಸಿಲಿಂಡರ್ ಗಾಳಿ) ಹಲವೊಮ್ಮೆ ದರದಲ್ಲಿ ಸೇರಿರುವುದಿಲ್ಲ. ಮುಂಗಡ ಕೊಡುವ ಮೊದಲೇ ಕೇಳಿ.

ಮಳೆಗಾಲದಲ್ಲಿ ಎರಡೂ ಬಂದ್. ಸಿಮಿಲನ್ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತದೆ.

ನಮ್ಮ ಊರಿನವರು ಮರೆಯುವುದು ವಾಪಸಿನ ದಾರಿಯನ್ನು. ಆಳದಲ್ಲಿ ದೇಹದಲ್ಲಿ ಕರಗಿದ ಸಾರಜನಕ, ಎತ್ತರಕ್ಕೆ ಹೋಗಿ ಗಾಳಿಯ ಒತ್ತಡ ಇಳಿದಾಗ ಗುಳ್ಳೆಗಟ್ಟಿ ಕೀಲುನೋವು, ಜೋಮು, ಕೆಲವೊಮ್ಮೆ ಪಾರ್ಶ್ವವಾಯು ತರಬಹುದು. ವಿಮಾನ ಹತ್ತುವ ಮುನ್ನ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವಾಗಿದ್ದರೆ 18 ಗಂಟೆ ಕಾಯಬೇಕು. ಎತ್ತರ 600 ಮೀಟರ್ ದಾಟುವ ರಸ್ತೆಗೂ ಇದೇ ಎಚ್ಚರ ಬೇಕು. ಹಾಸನ, ಚಿಕ್ಕಮಗಳೂರು ಎರಡೂ ಅದಕ್ಕಿಂತ ಮೇಲೆಯೇ ಇವೆ. ಹಾಗಾಗಿ ನೇತ್ರಾಣಿಗೆ ಹೋದರೆ ಆ ರಾತ್ರಿ ಮುರ್ಡೇಶ್ವರದಲ್ಲೇ ತಂಗಿ. ಶಿರಾಡಿಯನ್ನಾಗಲಿ ಚಾರ್ಮಾಡಿಯನ್ನಾಗಲಿ ಮರುದಿನ ಹತ್ತಿ.

ಮೊದಲ ಸಲದವರಿಗೆ ನೇತ್ರಾಣಿಯೇ ಸರಿ. ಇಪ್ಪತ್ತು ಡೈವ್ ದಾಟಿ, ನೀರಲ್ಲಿ ತೇಲುವ ಹಿಡಿತ ಬಂದವರು ಸಿಮಿಲನ್‌ಗೆ ದುಡ್ಡು ಕೂಡಿಡಿ.